14,000 ಕಿಲೋಮೀಟರ್, ಒಂದೇ ಹಾರಾಟ: ಅಮ್ಮನ ಜೊತೆ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ

ವಯಸ್ಸಾದ ಅಪ್ಪ ಅಮ್ಮನನ್ನು ಅಮೆರಿಕಕ್ಕೆ ಕಳಿಸಬೇಕು ಅಂತ ಟಿಕೆಟ್ ಹುಡುಕುತ್ತಾ ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೇರ ವಿಮಾನಕ್ಕೆ ಜಾಸ್ತಿ ದುಡ್ಡು ಕೊಡಬೇಕಾ, ಮಧ್ಯೆ ಒಂದು ಕಡೆ ಇಳಿದು ಹತ್ತಿದರೆ ಸಾಲದಾ ಅಂತ ನಮ್ಮ ನೆಂಟರಲ್ಲೇ ಮೂರು ನಾಲ್ಕು ಜನ ಫೋನ್ ಮಾಡಿ ಕೇಳಿದ್ದಾರೆ. ನಾನು ಅಮ್ಮನ ಜೊತೆ ಎರಡೂ ರೀತಿ ಹೋಗಿ ಬಂದಿದ್ದೇನೆ. 2019ರಲ್ಲಿ ಇಳಿದು ಹತ್ತಿ ಹೋದೆವು. 2024ರಲ್ಲಿ ತಂಗಿಯ ಬಾಣಂತನಕ್ಕೆ ನೇರ ಹೋದೆವು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಅರವತ್ತೈದು ದಾಟಿದವರಿಗೆ, ಇಂಗ್ಲಿಷ್ ಸಲೀಸಾಗಿ ಬಾರದವರಿಗೆ, ನೇರ ವಿಮಾನವೇ ಸರಿ. ಬೇರೆ ಖರ್ಚು ಕಡಿಮೆ ಮಾಡಿ, ಇದಕ್ಕೆ ಕೊಡಿ.

ಮೊದಲು 2019ರದ್ದು ಹೇಳುತ್ತೇನೆ, ಇಲ್ಲದಿದ್ದರೆ ನಾನು ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅಂತ ಗೊತ್ತಾಗುವುದಿಲ್ಲ. ಕಂಪನಿಯ ಹೆಸರು ಬೇಡ, ಇಳಿದ ಊರಿನ ಹೆಸರೂ ಬೇಡ. ಮಧ್ಯೆ ಎರಡು ಗಂಟೆ ಅಂತರ ಇತ್ತು, ಸಾಕು ಅಂದುಕೊಂಡೆವು. ಮೊದಲನೇ ವಿಮಾನ 50 ನಿಮಿಷ ತಡವಾಯಿತು. ಅಮ್ಮನಿಗೆ ವೀಲ್‌ಚೇರ್ ಹೇಳಿದ್ದೆವು, ಬಂತು. ಆದರೆ ಅದನ್ನು ತಳ್ಳಿಕೊಂಡು ಬಂದ ಹುಡುಗ ನಮ್ಮನ್ನು ಒಂದು ಹಾಲ್‌ನಲ್ಲಿ ಇನ್ನೂ ಏಳೆಂಟು ವೀಲ್‌ಚೇರ್‌ಗಳ ಸಾಲಲ್ಲಿ ನಿಲ್ಲಿಸಿ, ಇಲ್ಲೇ ಇರಿ ಅಂತ ಹೇಳಿ ಹೋದವನು ವಾಪಸ್ ಬರಲಿಲ್ಲ. ನಾನು ಹೋಗಿ ಕೇಳಿದೆ, ಇನ್ನೊಬ್ಬರನ್ನು ಕೇಳಿ ಅಂದರು. ಅವರನ್ನು ಕೇಳಿದರೆ ಕಾಯಿರಿ ಅಂದರು. ಕೊನೆಗೆ ನಾನೇ ಕುರ್ಚಿ ತಳ್ಳಿಕೊಂಡು ಗೇಟ್ ಹತ್ತಿರ ಹೋದಾಗ ಬಾಗಿಲು ಹಾಕಿದ್ದರು. ಗಾಜಿನ ಆಚೆ ವಿಮಾನ ಇನ್ನೂ ನಿಂತಿತ್ತು. ಮುಂದಿನದ್ದು 14 ಗಂಟೆ ಬಿಟ್ಟು. ಅಮ್ಮನ ಬಿಪಿ ಮಾತ್ರೆ ಲಗೇಜ್‌ಗೆ ಹಾಕಿದ ಪೆಟ್ಟಿಗೆಯಲ್ಲಿತ್ತು. ಅಮ್ಮ ಒಂದು ಮಾತೂ ಆಡಲಿಲ್ಲ, ಸೀರೆಯ ಸೆರಗು ಹೊದ್ದುಕೊಂಡು ಆ ಎಸಿ ಚಳಿಯಲ್ಲಿ ಉಕ್ಕಿನ ಬೆಂಚಿನ ಮೇಲೆ ಸುಮ್ನೆ ಕೂತಿದ್ದರು. ಮೈಸೂರಿನ ಮನೆ ಬಿಟ್ಟು ತಂಗಿಯ ಮನೆ ಮುಟ್ಟುವ ಹೊತ್ತಿಗೆ 46 ಗಂಟೆ ಆಗಿತ್ತು. ನನಗೆ ಆ ಬೆಂಚು ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಹಾಗಾಗಿ 2024ರಲ್ಲಿ ಟಿಕೆಟ್ ನೋಡುವಾಗ ಬೆಲೆಗಿಂತ ಮೊದಲು ದೂರ, ಹೊತ್ತು, ಎಷ್ಟು ಸಲ ಇಳಿಯಬೇಕು ಅಂತ ಲೆಕ್ಕ ಹಾಕಿದೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಗಾಳಿಯಲ್ಲಿ ನೇರ ದೂರ ಸುಮಾರು 14,000 ಕಿ.ಮೀ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಮೊದಲು 7,400, ಆಮೇಲೆ 9,100ಕ್ಕೂ ಜಾಸ್ತಿ, ಒಟ್ಟು ಹದಿನಾರೂವರೆ ಸಾವಿರ. ಸಿಂಗಾಪುರದ ಮೇಲೂ ಹೆಚ್ಚು ಕಡಿಮೆ ಅಷ್ಟೇ. ಟೋಕಿಯೊ ಮೇಲೆ ಹೋದರೆ ಮಾತ್ರ 6,700 ಮತ್ತು 8,200, ಅಂದರೆ ನೇರ ದಾರಿಗಿಂತ ಸಾವಿರ ಕಿ.ಮೀ. ಕೂಡ ಜಾಸ್ತಿ ಆಗುವುದಿಲ್ಲ. ನನಗೆ ಇದು ಆಶ್ಚರ್ಯ. ಜಪಾನ್ ಎಲ್ಲೋ ಪೂರ್ವದಲ್ಲಿದೆ, ಅಮೆರಿಕ ಪಶ್ಚಿಮದಲ್ಲಿದೆ ಅಂತಲ್ವಾ ನಾವು ಶಾಲೆಯ ನಕ್ಷೆ ನೋಡಿ ಕಲಿತಿದ್ದು.

ಅದಕ್ಕೇ ಅಣ್ಣನ ಮಗನ ಗ್ಲೋಬ್ ತಗೊಂಡು ಬಂದೆ. ಅಮ್ಮ ಮೊಗ್ಗು ಕಟ್ಟುತ್ತಾ ಕೂತಿದ್ದರು, ಅವರ ಹತ್ತಿರ ಒಂದು ಮೊಳ ದಾರ ಇಸಕೊಂಡೆ. ದಾರದ ಒಂದು ತುದಿ ಬೆಂಗಳೂರಿನ ಮೇಲೆ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಕ್ಯಾಲಿಫೋರ್ನಿಯಾಗೆ ಎಳೆದು ಬಿಗಿ ಮಾಡಿದರೆ ಅದು ಅಡ್ಡಕ್ಕೆ ಹೋಗುವುದೇ ಇಲ್ಲ, ಸೀದಾ ಮೇಲಕ್ಕೆ ಏರುತ್ತದೆ. ಚೀನಾ ದಾಟಿ, ಸೈಬೀರಿಯಾ ದಾಟಿ, ಅಲಾಸ್ಕದ ಕಡೆಯಿಂದ ಕೆಳಗೆ ಇಳಿಯುತ್ತದೆ. ಅಮ್ಮ ದಾರವನ್ನು ಬೆರಳಿಂದ ಸವರಿ ನೋಡಿ, "ಅಯ್ಯೋ, ಇದು ಉತ್ತರಕ್ಕೆ ಹೋಗೋದೇನೇ? ನಾನು ಪಶ್ಚಿಮಕ್ಕೆ ಅಂದ್ಕೊಂಡಿದ್ದೆ" ಅಂದರು. ನಿಮ್ಮ ಮನೆಯಲ್ಲಿ ಗ್ಲೋಬ್ ಇದ್ದರೆ ಒಮ್ಮೆ ಮಾಡಿ ನೋಡಿ. ಈ ಒಂದು ಮೊಳ ದಾರದಿಂದ ಎಷ್ಟೋ ಗೊತ್ತಾಗುತ್ತದೆ.

ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ಹಾರಾಟ ಶುರು ಮಾಡಿದ್ದು 2021ರ ಜನವರಿಯಲ್ಲಿ. ಮೊದಲನೇ ವಿಮಾನ 9ನೇ ತಾರೀಖು ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಉತ್ತರ ಧ್ರುವದ ಕಡೆಯಿಂದ ಬಂದು 11ನೇ ತಾರೀಖು ಬೆಳಗಿನ ಜಾವ ಬೆಂಗಳೂರಿಗೆ ಇಳಿಯಿತು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲಾ ಹೆಣ್ಣುಮಕ್ಕಳು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಅವತ್ತು ಟಿವಿಯಲ್ಲಿ ನೋಡಿ ನನಗೆ ಎಷ್ಟು ಖುಷಿಯಾಗಿತ್ತು ಅಂದರೆ, ಹೋದರೆ ಇದರಲ್ಲೇ ಹೋಗಬೇಕು ಅಂತ ಅವತ್ತೇ ಮನಸ್ಸಲ್ಲಿ ಇಟ್ಟುಕೊಂಡಿದ್ದೆ. ಅಮೆರಿಕದ ಕಂಪನಿಗಳೂ ಬೆಂಗಳೂರಿಗೆ ನೇರ ಬರುತ್ತೇವೆ ಅಂತ ಪ್ರಕಟಿಸಿದ್ದವು. ಯುನೈಟೆಡ್ ಸ್ಯಾನ್ ಫ್ರಾನ್ಸಿಸ್ಕೊದಿಂದ, ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ. ಎರಡೂ ಶುರುವಾಗಲಿಲ್ಲ.

ಇಷ್ಟು ದೂರ ಒಂದೇ ಉಸಿರಲ್ಲಿ ಹಾರಲು ಎಲ್ಲ ವಿಮಾನಕ್ಕೂ ಆಗುವುದಿಲ್ಲ. ನಾವು ಹೋಗಿದ್ದು ಬೋಯಿಂಗ್ 777-200ಎಲ್‌ಆರ್. ದೂರ ಹೋಗಲೆಂದೇ ಮಾಡಿದ ವಿಮಾನ ಇದು. ಈ ಮಾದರಿಯ ಒಂದು ವಿಮಾನ 2005ರಲ್ಲಿ ಹಾಂಗ್‌ಕಾಂಗ್‌ನಿಂದ ಪೂರ್ವದ ದಾರಿ ಹಿಡಿದು ಲಂಡನ್‌ವರೆಗೆ 21,602 ಕಿ.ಮೀ. ಹಾರಿತ್ತು, 22 ಗಂಟೆ 42 ನಿಮಿಷ ನೆಲ ಮುಟ್ಟದೆ. ಇದನ್ನು ಹೇಳಿದ ಮೇಲೆ ಅಮ್ಮನಿಗೆ ಧೈರ್ಯ ಬಂತು. ಅಲ್ಲಿಯವರೆಗೂ "ಮಧ್ಯೆ ಪೆಟ್ರೋಲ್ ಮುಗಿದರೆ ಸಮುದ್ರದಲ್ಲಿ ಎಲ್ಲಿ ನಿಲ್ಲಿಸ್ತಾರೆ" ಅಂತ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ.

ಫೆಬ್ರವರಿಯ ಒಂದು ಶುಕ್ರವಾರ. ಅಮ್ಮ ನಾಲ್ಕಕ್ಕೇ ಎದ್ದು ಸ್ನಾನ ಮಾಡಿ ದೀಪ ಹಚ್ಚಿದರು. ಐದಕ್ಕೆ ಮನೆ ಬಿಟ್ಟೆವು. ಮೈಸೂರಿನಿಂದ ದೇವನಹಳ್ಳಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್. ಮೈಸೂರಿನವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಬೆಂಗಳೂರಿನಲ್ಲಿ ಇಳಿದು ಇನ್ನೊಂದು ಬಸ್ ಹುಡುಕುವುದು ಬೇಡ, ಪೆಟ್ಟಿಗೆ ಒಂದು ಸಲ ಇಟ್ಟರೆ ಸೀದಾ ಏರ್‌ಪೋರ್ಟ್‌ನಲ್ಲೇ ತೆಗೆಯುವುದು. ಆದರೂ ಈ ನೂರೆಂಬತ್ತು ಚಿಲ್ಲರೆ ಕಿ.ಮೀ.ಗೆ ನಾಲ್ಕೂವರೆ ಗಂಟೆ ಹಿಡಿಯಿತು. ಅಷ್ಟೇ ಹೊತ್ತಿನಲ್ಲಿ ವಿಮಾನ ನಾಲ್ಕು ಸಾವಿರ ಕಿ.ಮೀ. ಹೋಗುತ್ತದೆ. ಬೆಂಗಳೂರಿನ ಹೊರಗಿನ ಊರಿನವರು ಟಿಕೆಟ್‌ನಲ್ಲಿ ಬರೆದ ಗಂಟೆಗಳನ್ನು ನಂಬಿ ಲೆಕ್ಕ ಹಾಕಬಾರದು. ಹಾಸನವೋ ಶಿವಮೊಗ್ಗವೋ ಮಂಗಳೂರೋ, ಮನೆ ಬಾಗಿಲಿನಿಂದ ಗಂಟೆ ಎಣಿಸಬೇಕು.

ಎರಡನೇ ಟರ್ಮಿನಲ್ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳೆಲ್ಲಾ ಅಲ್ಲಿಂದಲೇ. ಬಿದಿರಿನ ಚಾವಣಿ, ಮೇಲಿಂದ ತೂಗಾಡುವ ಗಿಡಗಳು, ಅಮ್ಮನಿಗೆ ಬಹಳ ಹಿಡಿಸಿತು. ಆದರೆ ದೊಡ್ಡದು, ನಡೆಯುವುದು ಜಾಸ್ತಿ. ವೀಲ್‌ಚೇರ್ ಬುಕ್ ಮಾಡುವಾಗಲೇ ಕೇಳಿ, ನಾವು ಹೋದಾಗ ಅದಕ್ಕೆ ದುಡ್ಡು ಇರಲಿಲ್ಲ. "ನನ್ನ ಕಾಲು ಗಟ್ಟಿ ಇದೆ, ಕುರ್ಚಿಯಲ್ಲಿ ಕೂತರೆ ನೋಡಿದವರು ಏನಂದ್ಕೋತಾರೆ" ಅಂತ ಅಮ್ಮ ಹಟ ಮಾಡಿದರು. ಇದು ಕಾಲಿನ ಪ್ರಶ್ನೆ ಅಲ್ಲ, ದಾರಿ ಗೊತ್ತಿರುವ ಒಬ್ಬರು ಜೊತೆಗೆ ಇರುತ್ತಾರಲ್ಲ, ಅದಕ್ಕೆ ಅಂತ ಹೇಳಿ ಒಪ್ಪಿಸಿದೆ. ಅಪ್ಪ ಅಮ್ಮ ಇಬ್ಬರೇ ಹೋಗುವುದಾದರೆ ಇದನ್ನು ಖಂಡಿತ ಹೇಳಿ ಒಪ್ಪಿಸಿ.

ಚೆಕ್-ಇನ್ ಹತ್ತಿರ ಒಂದು ವಿಷಯ. ಬಾಣಂತಿಗೆ ಅಂತ ಅಮ್ಮ ತಿಪಟೂರಿನ ಕೊಬ್ಬರಿ ಗಿಟುಕು ಎರಡು ಕೆಜಿ ಕಟ್ಟಿಕೊಂಡಿದ್ದರು. ಕೊಬ್ಬರಿಯನ್ನು ಬಿಡುವುದಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ, ಒಟ್ಟಿಗೆ ಕಟ್ಟಿಟ್ಟರೆ ತಾನೇ ಕಾದು ಹೊತ್ತಿಕೊಳ್ಳುವ ವಸ್ತು ಅಂತ ವಿಮಾನದ ನಿಯಮದಲ್ಲೇ ಇದೆ. ಅಲ್ಲಿನ ಹುಡುಗಿ ಕನ್ನಡದಲ್ಲೇ, "ಅಮ್ಮಾ, ಇದು ಆಗಲ್ಲ, ಬೇಜಾರು ಮಾಡ್ಕೋಬೇಡಿ" ಅಂತ ನಿಧಾನವಾಗಿ ವಿವರಿಸಿದಳು. ಬಿಡಲು ಬಂದಿದ್ದ ಅಣ್ಣ ಇನ್ನೂ ಹೊರಗೇ ಇದ್ದ, ಅವನ ಕೈಗೆ ಕೊಟ್ಟು ಬಂದೆವು. ಸಾರಿನ ಪುಡಿ, ಚಟ್ನಿಪುಡಿ, ಲೇಹ, ನಿಪ್ಪಟ್ಟು ಎಲ್ಲ ತೊಂದರೆ ಇಲ್ಲದೆ ಹೋಯಿತು. ತಾಜಾ ಹಣ್ಣು, ಬಿತ್ತನೆ ಬೀಜ, ವೀಳ್ಯದೆಲೆ ತಗೊಂಡು ಹೋಗುವ ಆಸೆ ಬಿಡಿ. ತಿಂಡಿ ಏನೇನು ಇದೆ ಅಂತ ಅಲ್ಲಿ ಇಳಿದಾಗ ಕೇಳಿದರೆ ಮುಚ್ಚಿಡದೆ ಹೇಳಿ.

ಮಧ್ಯಾಹ್ನ ಎರಡು ಮುಕ್ಕಾಲಿನ ಹತ್ತಿರ ವಿಮಾನ ಎದ್ದಿತು.

ಸೀಟಿನ ಮುಂದಿನ ಪರದೆಯಲ್ಲಿ ನಕ್ಷೆ ಹಾಕಿಕೊಟ್ಟೆ. ಅಮ್ಮ ಸಿನಿಮಾ ನೋಡಲಿಲ್ಲ, ಎಚ್ಚರ ಇದ್ದಷ್ಟು ಹೊತ್ತೂ ಆ ನಕ್ಷೆಯನ್ನೇ ನೋಡಿದರು. ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ, ಆಮೇಲೆ ಜಪಾನ್, ಆಮೇಲೆ ಬರೀ ನೀಲಿ. ನಮ್ಮ ದಾರ ಹೋದ ದಾರಿ ಇದಲ್ಲ! ಸೈಬೀರಿಯಾ ಎಲ್ಲಿ ಅಂತ ಅಮ್ಮ ಕೇಳಿದರು. ನಾನು ಮೊದಲೇ ಓದಿಕೊಂಡಿದ್ದೆ, ಅದಕ್ಕೆ ಹೇಳಲು ಆಯಿತು. ಚಳಿಗಾಲದಲ್ಲಿ ಜಪಾನಿನಿಂದ ಪೆಸಿಫಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಭಾರಿ ಗಾಳಿ ಬೀಸುತ್ತದೆ, ಜೆಟ್ ಸ್ಟ್ರೀಮ್ ಅಂತಾರೆ. ವಿಮಾನ ಆ ಗಾಳಿಯನ್ನು ಹಿಡಿಯಲು ಬೇಕಂತಲೇ ಸುತ್ತು ದಾರಿಯಲ್ಲಿ ಹೋಗುತ್ತದೆ. ದಾರಿ ಉದ್ದ, ಆದರೆ ಬೇಗ ಮುಟ್ಟುತ್ತದೆ. ಹೊಳೆಯಲ್ಲಿ ನೀರು ಹರಿಯುವ ಕಡೆಗೇ ತೆಪ್ಪ ಬಿಟ್ಟ ಹಾಗೆ. ಮಾಮೂಲಿ ಗಂಟೆಗೆ 900ರ ಹತ್ತಿರ ಹೋಗುವ ವಿಮಾನ ಪರದೆಯಲ್ಲಿ 1,120 ತೋರಿಸುತ್ತಿತ್ತು. ಟಿಬೆಟ್ ಮೇಲೆ ಸೀದಾ ಹೋಗದಿರಲು ಬೇರೆ ಕಾರಣ ಇದೆ. ಒಳಗಿನ ಗಾಳಿಯ ಒತ್ತಡ ಏನಾದರೂ ಕಡಿಮೆಯಾದರೆ ವಿಮಾನ ತಕ್ಷಣ 10,000 ಅಡಿಗೆ ಇಳಿಯಬೇಕು, ಅಲ್ಲಿ ನೆಲವೇ ಅದಕ್ಕಿಂತ ಎತ್ತರ.

ತುಂಬಾ ಜನ, ಭೂಮಿ ತಿರುಗುವುದರಿಂದ ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ ಅಂದುಕೊಂಡಿದ್ದಾರೆ. ನಮ್ಮ ಮಾವನೂ ಹಾಗೇ ಹೇಳುತ್ತಿದ್ದರು. ಹಾಗಲ್ಲ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ವಿಮಾನವೂ ಆ ಗಾಳಿಯಲ್ಲೇ ಇರುತ್ತದೆ. ವ್ಯತ್ಯಾಸ ಬರುವುದು ಎತ್ತರದಲ್ಲಿ ಬೀಸುವ ಈ ಗಾಳಿಯಿಂದ. ನಮಗೆ ಹೋಗುವಾಗ 15 ಗಂಟೆ 20 ನಿಮಿಷ ಆಯಿತು, ಜುಲೈನಲ್ಲಿ ಬರುವಾಗ 17 ಗಂಟೆ 10 ನಿಮಿಷ. ಅದೇ ಎರಡು ಊರು, ಎರಡು ಗಂಟೆಯ ಹತ್ತಿರ ವ್ಯತ್ಯಾಸ. ದೂರವನ್ನು ವೇಗದಿಂದ ಭಾಗಿಸಿ ಹೊತ್ತು ಹೇಳುವ ಆ ವೆಬ್‌ಸೈಟ್‌ಗಳು ಎರಡೂ ಕಡೆಗೆ ಒಂದೇ ಸಂಖ್ಯೆ ತೋರಿಸುತ್ತವೆ. ಅಂದಾಜಿಗೆ ಸರಿ, ಅದನ್ನು ನೋಡಿ ಏರ್‌ಪೋರ್ಟಿಗೆ ಕಾರು ಕಳಿಸಬೇಡಿ.

ಹದಿನೈದು ಗಂಟೆ ಕೂರುವುದು ಕಷ್ಟವೇ, ಅದನ್ನು ಸುಲಭ ಅಂತ ನಾನು ಹೇಳುವುದಿಲ್ಲ. ವಿಮಾನದ ಒಳಗಿನ ಗಾಳಿ ಆರು ಏಳು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯ ಹಾಗೆ ಇರುತ್ತದೆ. ಹೆಚ್ಚು ಕಡಿಮೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಅಷ್ಟೂ ಹೊತ್ತು ಕೂತ ಹಾಗೆ. ಅದರ ಮೇಲೆ ಒಣ ಹವೆ, ಬಾಯಿ ಆರುತ್ತದೆ. ಅಮ್ಮನಿಗೆ ಡಾಕ್ಟರ್ ಹೇಳಿದ ಬಿಗಿ ಕಾಲುಚೀಲ ಹಾಕಿಸಿದ್ದೆ. ಎರಡು ಗಂಟೆಗೊಮ್ಮೆ ಎಬ್ಬಿಸಿ ಹಿಂದಿನ ಅಡುಗೆ ಕೋಣೆಯವರೆಗೆ ನಡೆಸಿಕೊಂಡು ಬರುತ್ತಿದ್ದೆ. ಮೂರನೇ ಸಲ ಹೋದಾಗ ಗಗನಸಖಿಯೊಬ್ಬರು ತಾವೇ ಬಿಸಿನೀರು ಕೊಟ್ಟು, ಇಲ್ಲೇ ಸ್ವಲ್ಪ ನಿಂತುಕೊಳ್ಳಿ ಅಂತ ಜಾಗ ಮಾಡಿಕೊಟ್ಟರು. ಅಮ್ಮ ಸೊಂಟಕ್ಕೆ ಕೈ ಕೊಟ್ಟು ಕಿಟಕಿಯ ಆಚೆ ಕತ್ತಲು ನೋಡುತ್ತಾ ಹತ್ತು ನಿಮಿಷ ಅಲ್ಲೇ ನಿಂತರು. ಸಸ್ಯಾಹಾರದ ಊಟ ಮೊದಲೇ ಹೇಳಿದ್ದೆವು, ಬೇರೆಯವರಿಗಿಂತ ಮುಂಚೆ ಬಂತು. ಅನ್ನ, ದಾಲ್, ಮೊಸರು. ಅಮ್ಮನಿಗೆ ಮೊಸರು ಸಿಕ್ಕರೆ ಸಾಕು.

ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟಿದ್ದು ಬೇರೆ. ಒಂದು ಸಲ ಕೂತ ಮೇಲೆ ಎಲ್ಲೂ ಇಳಿಯಬೇಕಿಲ್ಲ. ಯಾವ ಗೇಟ್ ಅಂತ ಹುಡುಕಬೇಕಿಲ್ಲ. ಮತ್ತೆ ಸೆಕ್ಯುರಿಟಿ ಇಲ್ಲ, ಬಳೆ ತೆಗೆಯಿರಿ ಅನ್ನುವವರಿಲ್ಲ. ಅಮ್ಮ ಗಂಟೆಗಟ್ಟಲೆ ನಿದ್ದೆ ಮಾಡಿದರು. 2019ರಲ್ಲಿ ಒಂದು ನಿಮಿಷ ಕಣ್ಣು ಮುಚ್ಚಿರಲಿಲ್ಲ, ಇಳಿಯುವ ಊರು ತಪ್ಪಿಹೋದರೆ ಅನ್ನುವ ಭಯಕ್ಕೆ.

ಇಳಿದಾಗ ಅಲ್ಲಿ ಸಂಜೆ ನಾಲ್ಕೂವರೆ, ಅದೇ ಶುಕ್ರವಾರ! ತಾರೀಖು ಬದಲಾಗುವ ಗೆರೆ ದಾಟಿದ್ದೆವಲ್ಲ. ಚಳಿಗಾಲದಲ್ಲಿ ನಮಗೂ ಅಲ್ಲಿಗೂ ಹದಿಮೂರೂವರೆ ಗಂಟೆ ವ್ಯತ್ಯಾಸ. ಮಾರ್ಚಿಯಲ್ಲಿ ಅವರು ಗಡಿಯಾರ ಮುಂದೆ ಹಾಕಿದ ಮೇಲೆ ಹನ್ನೆರಡೂವರೆ. ಇಮಿಗ್ರೇಷನ್, ಬೆರಳಚ್ಚು, ಪೆಟ್ಟಿಗೆ, ಸೇತುವೆಯ ಮೇಲಿನ ಸಂಜೆಯ ಟ್ರಾಫಿಕ್ ಎಲ್ಲ ಮುಗಿದು ಫ್ರೀಮಾಂಟ್‌ನಲ್ಲಿ ತಂಗಿಯ ಮನೆ ಮುಟ್ಟಿದಾಗ ರಾತ್ರಿ ಏಳೂವರೆ. ಮೈಸೂರಿನ ಮನೆ ಬಿಟ್ಟು 28 ಗಂಟೆ. ಅದರಲ್ಲಿ ಆಕಾಶದಲ್ಲಿ ಇದ್ದಿದ್ದು ಹದಿನೈದು ಚಿಲ್ಲರೆ, ಉಳಿದಿದ್ದೆಲ್ಲಾ ನೆಲದ ಮೇಲೆ. ಆದರೂ 46 ಎಲ್ಲಿ, 28 ಎಲ್ಲಿ.

ಅಮ್ಮ ಕೈಕಾಲು ತೊಳೆದು ಮೊದಲು ತಂಗಿಯ ದೇವರ ಗೂಡಿನ ಮುಂದೆ ದೀಪ ಹಚ್ಚಿದರು. "ಬೆಳಿಗ್ಗೆ ಅಲ್ಲಿ ಹಚ್ಚಿದೆ, ಸಂಜೆ ಇಲ್ಲಿ ಹಚ್ಚಿದೆ. ಒಂದೇ ಶುಕ್ರವಾರ ಕಣೇ" ಅಂದರು. ಅವತ್ತಿನ ಶುಕ್ರವಾರ ನಮಗೆ ಮೂವತ್ತೇಳೂವರೆ ಗಂಟೆಯದು. ತಂಗಿ ಹೊಟ್ಟೆ ಹಿಡಿದುಕೊಂಡು ನಿಂತು ನೋಡುತ್ತಿದ್ದಳು. ಅಮ್ಮ ಅವತ್ತೇ ಅಡುಗೆಮನೆಗೆ ಹೋಗಿ ತಿಳಿಸಾರು ಮಾಡಿದರು. 2019ರಲ್ಲಿ ನಾಲ್ಕು ದಿನ ಮಲಗಿದಲ್ಲಿಂದ ಎದ್ದಿರಲಿಲ್ಲ.

ಬೆಲೆಯ ಮಾತು. ನಾವು ನೋಡಿದ ದಿನಗಳಲ್ಲಿ ಇಳಿದು ಹತ್ತುವ ಟಿಕೆಟ್‌ಗಿಂತ ಒಬ್ಬರಿಗೆ ಸುಮಾರು 25 ಸಾವಿರ ರೂಪಾಯಿ ಜಾಸ್ತಿ ಆಯಿತು. ಕಡಿಮೆ ದುಡ್ಡಲ್ಲ. ಗಟ್ಟಿಮುಟ್ಟಾಗಿರುವ ಹುಡುಗರು, ಓದಲು ಹೋಗುವವರು ಇಳಿದು ಹತ್ತಿ ಹೋಗಲಿ, ಅವರಿಗೆ ಏನೂ ಆಗುವುದಿಲ್ಲ, ಉಳಿದ ದುಡ್ಡು ಬೇರೆಯದಕ್ಕೆ ಬರುತ್ತದೆ. ಬೆನ್ನುನೋವು ಇದ್ದು ಐದಾರು ಗಂಟೆಗಿಂತ ಜಾಸ್ತಿ ಕೂರಲು ಆಗದವರು ಮಾತ್ರ ಡಾಕ್ಟರ್ ಹತ್ತಿರ ಕೇಳಿ ನಿರ್ಧಾರ ಮಾಡಿ. ಅಂಥವರಿಗೆ ಟೋಕಿಯೊದಂಥ ಕಡೆ ಅರ್ಧ ದಾರಿಯಲ್ಲಿ ಇಳಿದು ನಾಲ್ಕೈದು ಗಂಟೆ ಕಾಲು ಚಾಚುವುದೇ ಒಳ್ಳೆಯದು ಇರಬಹುದು. ಹಾಗೆ ಹೋಗುವುದಾದರೆ ಎರಡು ಗಂಟೆಯ ಅಂತರದ ಟಿಕೆಟ್ ತಗೊಳ್ಳಲೇಬೇಡಿ, ಎಷ್ಟೇ ಕಡಿಮೆ ಬೆಲೆಗೆ ಸಿಗಲಿ. ನಾಲ್ಕು ಗಂಟೆ ಇರಲಿ. ಮಾತ್ರೆ, ಒಂದು ಜೊತೆ ಬಟ್ಟೆ, ಶಾಲು ಕೈಚೀಲದಲ್ಲೇ ಇರಲಿ. ಮಗ ಮಗಳ ಫೋನ್ ನಂಬರ್ ಕಾಗದದ ಮೇಲೆ ಬರೆದು ಕೊಡಿ, ಮೊಬೈಲ್ ಚಾರ್ಜ್ ಇಲ್ಲದಿದ್ದರೂ ಆಗುತ್ತದೆ.

ಇನ್ನೊಂದು, ಈ ಮಾರ್ಗ ಇದ್ದೇ ಇರುತ್ತದೆ ಅಂತ ತಿಳಿದುಕೊಳ್ಳಬೇಡಿ. ನಾವು ಹೋದಾಗಲೂ ದಿನಾ ಇರಲಿಲ್ಲ, ವಾರದಲ್ಲಿ ಕೆಲವು ದಿನ ಮಾತ್ರ. ಇಷ್ಟು ದೂರದ ಹಾರಾಟಗಳು ಇಂಧನದ ಬೆಲೆ, ವಿಮಾನಗಳ ಕೊರತೆ, ಯಾವ ದೇಶದ ಆಕಾಶ ತೆರೆದಿದೆ ಅನ್ನುವುದರ ಮೇಲೆ ನಿಂತಿವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದ ಮೇಲೆ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಎಷ್ಟೋ ವಿಮಾನಗಳ ಹೊತ್ತು ಜಾಸ್ತಿಯಾಯಿತು. ಊರುಗಳ ದೂರ ಮಾತ್ರ ಅಷ್ಟೇ. ಬುಕ್ ಮಾಡುವ ಮುಂಚೆ ಆ ತಿಂಗಳಿನ ವೇಳಾಪಟ್ಟಿ ನೋಡಿ, ಟಿಕೆಟ್ ಮೇಲೆ ನಾನ್‌ಸ್ಟಾಪ್ ಅಂತ ಇದೆಯಾ ನೋಡಿ. ಡೈರೆಕ್ಟ್ ಅಂದರೆ ಮಧ್ಯೆ ನಿಲ್ಲುವುದಿಲ್ಲ ಅಂತಲ್ಲ, ಅದೇ ನಂಬರಿನಲ್ಲಿ ಒಂದು ಕಡೆ ನಿಂತು ಹೋಗುವ ವಿಮಾನಕ್ಕೂ ಹಾಗೆ ಅನ್ನುತ್ತಾರೆ.

ವಾಪಸ್ ಬಂದಿದ್ದು ಜುಲೈನಲ್ಲಿ, ಆಗಲೂ ಶುಕ್ರವಾರ, ರಾತ್ರಿ ಒಂಬತ್ತಕ್ಕೆ. ಈ ಸಲ ವಿಮಾನ ನಮ್ಮ ದಾರದ ಹಾಗೆ ಉತ್ತರಕ್ಕೆ ಏರಿತು. ಸುಮಾರು ಹೊತ್ತಿಗೆ ಕಿಟಕಿಯಲ್ಲಿ ಬೆಳಕು, ಕೆಳಗೆ ಬಿಳಿ ಬಿಳಿ ಹಿಮದ ಚೂರುಗಳು. ಬೇಸಿಗೆಯಲ್ಲಿ ಅಷ್ಟು ಉತ್ತರಕ್ಕೆ ಹೋದರೆ ಸೂರ್ಯ ಮುಳುಗುವುದಿಲ್ಲ. ಅಮ್ಮ ಕಿಟಕಿಯ ಕಡೆಗೇ ಕೈ ಮುಗಿದರು. ಊಟ ಬಂತು, ಉಂಡರು. ಮತ್ತೆ ಬಂತು, ಮತ್ತೆ ಉಂಡರು. ಬೆಂಗಳೂರಲ್ಲಿ ಇಳಿದಾಗ ಭಾನುವಾರ ಬೆಳಗಿನ ಜಾವ ಎರಡು ಮುಕ್ಕಾಲು.

ಫ್ಲೈಬಸ್‌ನಲ್ಲಿ ಕೂತ ಮೇಲೆ ಅಮ್ಮ ಇದ್ದಕ್ಕಿದ್ದ ಹಾಗೆ, "ಇವತ್ತು ಭಾನುವಾರ ಅಂದೆಯಲ್ಲ, ಶನಿವಾರ ಎಲ್ಲಿ ಹೋಯ್ತು?" ಅಂತ ಕೇಳಿದರು. ಅಮ್ಮ ಮೂವತ್ತು ವರ್ಷದಿಂದ ಶನಿವಾರ ಒಪ್ಪೊತ್ತು ಇರುತ್ತಾರೆ. ಫೋನ್ ತೆಗೆದು ಲೆಕ್ಕ ಹಾಕಿ ತೋರಿಸಿದೆ. ಅಲ್ಲಿ ರಾತ್ರಿ ಒಂಬತ್ತು ಅಂದರೆ ಮೈಸೂರಿನಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತೂವರೆ. ಮನೆಯ ಗಡಿಯಾರದ ಪ್ರಕಾರ ಅಲ್ಲಿಂದ ಶನಿವಾರ ಮುಗಿಯುವವರೆಗೂ ನಾವು ಆಕಾಶದಲ್ಲೇ ಇದ್ದೆವು. ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದರೆ ನಾನು ಎರಡು ಸಲ ಅನ್ನ ಉಂಡೆ" ಅಂದರು.

ಮನೆಗೆ ಬಂದು ಸ್ನಾನ ಮಾಡಿ, ಮಧ್ಯಾಹ್ನ ಒಂದು ಹೊತ್ತು ಉಂಡು, ಅವತ್ತು ರಾತ್ರಿ ಬರೀ ಅವಲಕ್ಕಿ ಮೊಸರು ತಿಂದು ಮಲಗಿದರು.